ಹಳೇ ಫೈಬರ್ ದೋಣಿ ನೋಡಲು ಹೋಗುವಾಗ ಸಣ್ಣ ಸುತ್ತಿಗೆ ಇಟ್ಟುಕೊಳ್ಳಿ

ನನ್ನದು ಫೈಬರ್ ರಿಪೇರಿ ಕೆಲಸ. ಉಡುಪಿ ಕರಾವಳಿಯ ಗಂಗೊಳ್ಳಿ, ಮರವಂತೆ, ಉಪ್ಪುಂದದ ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ದೋಣಿ ನೋಡಲು ಹೊರಟರೆ ನನ್ನನ್ನೂ ಕರೆಯುತ್ತಾರೆ. ಹೊಸ ಪೇಂಟ್ ಹೊಡೆದ ಹಳೇ ದೋಣಿ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಮಾರುವ ವಾರದಲ್ಲೇ ಯಾಕೆ ಬಣ್ಣ ಬಳಿದರು?

ಮೊದಲು ಕೇಳಬೇಕಾದ್ದು ದೋಣಿ ಎಲ್ಲಿ ನಿಲ್ಲುತ್ತಿತ್ತು ಅಂತ. ಮರವಂತೆ ಕಡೆಯ ಹಾಗೆ ದಂಡೆಗೆ ಎಳೆದಿಡುವ ದೋಣಿಗೆ ಅಡಿ ಸವೆಯುತ್ತದೆ. ಮರಳು ಉಜ್ಜಿ ಉಜ್ಜಿ ಕೀಲ್ (ಅಡಿಯ ನಡುಗೆರೆ) ಮೇಲಿನ ಜೆಲ್‌ಕೋಟ್ ಎಂಬ ನುಣುಪು ಹೊರಪದರ ಹೋಗಿ, ಒಳಗಿನ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸಿನ ಎಳೆಗಳು ಕೂದಲಿನಂತೆ ಎದ್ದಿರುತ್ತವೆ. ಹೊಳೆಯಲ್ಲೇ ಕಟ್ಟಿಡುವ ದೋಣಿಯ ಕಥೆ ಬೇರೆ. ಉಪ್ಪುನೀರಿಗಿಂತ ಸಿಹಿನೀರು ಫೈಬರ್ ಒಳಗೆ ಬೇಗ ಇಳಿಯುತ್ತದೆ. ಮಳೆಗಾಲವಿಡೀ ಹೊಳೆಯಲ್ಲಿ ನಿಂತ ದೋಣಿಯ ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಒಂದನ್ನು ಚುಚ್ಚಿದರೆ ಅಂಟಂಟು ನೀರು ಬರುತ್ತದೆ, ವಿನೆಗರ್ ಥರ ಹುಳಿ ವಾಸನೆ. ಚುಚ್ಚುವಾಗ ಮುಖ ಹತ್ತಿರ ತರಬೇಡಿ, ಕಣ್ಣಿಗೆ ಹಾರುತ್ತದೆ. ದೋಣಿ ಒಣಗಿದರೆ ಈ ಗುಳ್ಳೆಗಳು ಇಳಿದುಹೋಗಿ ಕಾಣುವುದೇ ಇಲ್ಲ. ಅದಕ್ಕೇ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಮಲಗಿದ ದೋಣಿಗಿಂತ ನೀರಿನಿಂದ ಆಗಷ್ಟೇ ಎಳೆದ ದೋಣಿ ನೋಡುವುದು ಒಳ್ಳೆಯದು. ಅಲ್ಲೊಂದು ಇಲ್ಲೊಂದು ಗುಳ್ಳೆಗೆ ಹೆದರಬೇಡಿ. ಅಡಿ ತುಂಬಾ ಇದ್ದರೆ ಬಿಟ್ಟುಬಿಡಿ.

ಈಗ ಸುತ್ತಿಗೆ. ಮೂತಿಯಿಂದ ಶುರುಮಾಡಿ, ಗೇಣಿಗೊಂದು ಪೆಟ್ಟಿನಂತೆ ಮೆಲ್ಲಗೆ ತಟ್ಟುತ್ತಾ ಹಿಂದಕ್ಕೆ ಬನ್ನಿ. ಗಟ್ಟಿ ಫೈಬರ್ 'ಟಣ್ ಟಣ್' ಅನ್ನುತ್ತದೆ. ಪದರ ಬಿಟ್ಟ ಜಾಗ 'ಡಬ್' ಅನ್ನುತ್ತದೆ. ಕಿವಿಗೆ ಅಭ್ಯಾಸ ಬೇಕಿಲ್ಲ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಳಿವೆಯಲ್ಲಿ (ಹೊಳೆ ಕಡಲು ಸೇರುವಲ್ಲಿ) ಮರಳುದಿಬ್ಬಕ್ಕೆ ಬಡಿದ ದೋಣಿಯಾದರೆ ಒಂದೇ ಕಡೆ ಗುರುತುಗಳು ಗುಂಪಾಗುತ್ತವೆ. ಆ ಜಾಗದ ಒಳಭಾಗವನ್ನೂ ನೋಡಿ. ಉದ್ದಕ್ಕೆ ಕೂರಿಸಿದ ರೀಪುಗಳು ಹಲ್‌ನಿಂದ, ಅಂದರೆ ದೋಣಿಯ ಮೈಯಿಂದ, ಬಿಟ್ಟುಕೊಂಡಿದ್ದರೆ ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೆ ಮುಗಿಯಿತು.

ಹೊರಗೆ ತೂಗುವ ಎಂಜಿನ್ ಕೂರಿಸುವ ಹಿಂದಿನ ಹಲಗೆಗೆ ಜಾಸ್ತಿ ಹೊತ್ತು ಕೊಡಿ. ಹಳೇ ದೋಣಿ ಸಾಯುವುದೇ ಅಲ್ಲಿಂದ. ಹೊರಗೆ ಫೈಬರ್, ಒಳಗೆ ಹೆಚ್ಚಾಗಿ ಪ್ಲೈವುಡ್ ಅಥವಾ ಮರ. ಬೋಲ್ಟ್ ತೂತಿನಲ್ಲಿ ನೀರಿಳಿದು ಒಳಗಿನ ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಎಂಜಿನ್ ಅರ್ಧ ಎತ್ತಿ, ಅದರ ಕೆಳತುದಿ ಹಿಡಿದು ಜೋರಾಗಿ ಅಲ್ಲಾಡಿಸಿ. ಇನ್ನೊಬ್ಬರು ಹಲಗೆ ಮತ್ತು ಬದಿ ಸೇರುವ ಮೂಲೆ ನೋಡುತ್ತಿರಲಿ. ಎಂಜಿನ್ ಜೊತೆ ಹಲಗೆಯೂ ಕದಲಿದರೆ ಒಳಗೆ ಮರ ಉಳಿದಿಲ್ಲ. ಆಮೇಲೆ "ಅಣ್ಣ, ಒಂದು ಬೋಲ್ಟ್ ಬಿಚ್ಚಿ ನೋಡ್ತೇನೆ, ಅಡ್ಡಿಲ್ಲ ಅಲ್ವಾ?" ಅಂತ ಕೇಳಿ. ತೂತಿಗೆ ಕಡ್ಡಿ ಹಾಕಿ ಕೆದಕಿದಾಗ ಒಣ ಮರದ ಪುಡಿ ಬಂದರೆ ಸರಿ. ಕಾಫಿ ಬಣ್ಣದ ನೀರು ಜಿನುಗಿದರೆ ಹೊಸ ಹಲಗೆಯ ಖರ್ಚು ಕಳೆದು ಬೆಲೆ ಮಾತಾಡಿ. ಬಿಚ್ಚಲು ಬಿಡದಿದ್ದರೆ ಅದೂ ಒಂದು ಉತ್ತರವೇ.

ದೋಣಿ ಅದರ ಗಾತ್ರಕ್ಕೆ ಮೀರಿ ಭಾರ ಅನ್ನಿಸಿದರೆ ಕೂರುವ ಅಡ್ಡಹಲಗೆಯ ಕೆಳಗಿನ ಫೋಮ್ ನೀರು ಕುಡಿದಿರಬಹುದು. ಮುಳುಗದಂತೆ ಕಾಯಬೇಕಾದ ಫೋಮ್ ಅದು.

ಎಂಜಿನ್ ವಿಷಯಕ್ಕೆ ಮೆಕ್ಯಾನಿಕ್ ಕರೆದುಕೊಂಡು ಹೋಗಿ. ಆದರೆ ಎರಡು ಸಂಗತಿ ನೀವೇ ನೋಡಬಹುದು. ಗೇರ್ ಎಣ್ಣೆ ಹಾಲು ಬೆರೆಸಿದಂತೆ ಬಿಳಿಯಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಇನ್ನೊಂದು ಸೀರಿಯಲ್ ನಂಬರ್. ಕವರಿನ ಸ್ಟಿಕರ್ ನಂಬಬೇಡಿ, ಎಂಜಿನ್ ಹಲಗೆಗೆ ಹಿಡಿಯುವ ಬ್ರಾಕೆಟ್ ಮೇಲಿನ ಪ್ಲೇಟ್ ಓದಿ ದಾಖಲೆಗೆ ತಾಳೆ ಹಾಕಿ. ಎಚ್‌ಪಿ (ಎಂಜಿನ್ ಶಕ್ತಿ) ಎಷ್ಟು ಅನ್ನುವುದು ಸಣ್ಣ ಮಾತಲ್ಲ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ದಾಖಲೆಯಲ್ಲಿ ಒಂದು, ಹಲಗೆ ಮೇಲೆ ಇನ್ನೊಂದು ಇದ್ದರೆ ಮೀನುಗಾರಿಕೆ ಇಲಾಖೆಯೂ ಹಿಡಿಯುತ್ತದೆ, ವಿಮೆಯವರೂ ಹಿಡಿಯುತ್ತಾರೆ.

ಕಾಗದ ಪತ್ರಕ್ಕೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ. ನೋಂದಣಿ ಈಗ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ದೋಣಿ ಮೇಲೆ ಬರೆದ ನಂಬರ್, ನೋಂದಣಿ ಪತ್ರದ ನಂಬರ್, ಮಾರುವವರ ಹೆಸರು ಮೂರೂ ಹೊಂದಬೇಕು. ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲ ಬಾಕಿ ಇಲ್ಲ ಅನ್ನುವ ಪತ್ರ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಸೀಮೆಎಣ್ಣೆ ಪರ್ಮಿಟ್ ದೋಣಿ ಜೊತೆಗೆ ತಾನಾಗಿ ಬರುತ್ತದೆ ಅಂದುಕೊಳ್ಳದೆ ಅಲ್ಲೇ ಕೇಳಿಕೊಳ್ಳಿ.

"ಇನ್ನೂ ಆರು ತಿಂಗಳು ವಿಮೆ ಇದೆ, ಅದೂ ನಿಮಗೇ" ಅನ್ನುವ ಮಾತು ಪ್ರತಿ ವ್ಯಾಪಾರದಲ್ಲೂ ಬರುತ್ತದೆ. ನಂಬಬೇಡಿ. 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ ದೋಣಿ ಮಾರಿದ ಮಾತ್ರಕ್ಕೆ ಪಾಲಿಸಿ ಕೊಂಡವರಿಗೆ ಹೋಗುವುದಿಲ್ಲ. ಕಂಪನಿಗೆ ತಿಳಿಸಿ ಬರಹದಲ್ಲಿ ವರ್ಗಾವಣೆ ಮಾಡಿಸಿ, ಇಲ್ಲವೇ ನಿಮ್ಮ ಹೆಸರಲ್ಲಿ ಹೊಸದು ಮಾಡಿಸಿ.

ಹಳೇ ದೋಣಿಗೆ ವಿಮೆ ಕೇಳಿದರೆ ಕಂಪನಿ ಸಾಮಾನ್ಯವಾಗಿ ದೋಣಿ ಪರೀಕ್ಷಿಸಲು ಸರ್ವೇಯರ್ ಕಳಿಸುತ್ತದೆ. ಅವರ ಮುಂದೆ ಏನೂ ಮುಚ್ಚಿಡಬೇಡಿ. ಹಳೇ ರಿಪೇರಿ, ಹಿಂದಿನ ಅಪಘಾತ ಎಲ್ಲ ಅರ್ಜಿಯಲ್ಲಿ ಬರೆಯಿರಿ. ಗೊತ್ತಿದ್ದೂ ಹೇಳದ ಮುಖ್ಯ ವಿಷಯ ಆಮೇಲೆ ಹೊರಬಿದ್ದರೆ ಪಾಲಿಸಿಯನ್ನೇ ರದ್ದು ಮಾಡಲು ಅವರಿಗೆ ಹಕ್ಕಿದೆ. ಸೀಮೆಸುಣ್ಣದ ಗುರುತುಗಳ ಫೋಟೋ ತೆಗೆದಿಡಿ ಅಂತ ನಾನು ಹೇಳುವುದು ಇದಕ್ಕೇ. ರಿಪೇರಿ ಮಾಡಿಸಿದ ಮೇಲೆ ಇನ್ನೊಂದು ಫೋಟೋ, ಜೊತೆಗೆ ಬಿಲ್. ಸವೆತ, ಕೊಳೆತಕ್ಕೆ ವಿಮೆ ಹಣ ಕೊಡುವುದಿಲ್ಲ. ಬಡಿದು ಒಡೆದದ್ದಕ್ಕೆ ಕೊಡುತ್ತದೆ. ಬಿರುಕು ಯಾವುದರಿಂದ ಬಂತು ಅನ್ನುವ ಜಗಳದಲ್ಲಿ ನಿಮ್ಮ ಕಡೆ ಮಾತಾಡುವುದು ಆ ಫೋಟೋಗಳೇ.

ಪಾಲಿಸಿ ಓದುವಾಗ ಕೆಲವು ಸಾಲು ಹುಡುಕಿ. ದೋಣಿ ಪೂರ್ತಿ ಹೋದರೆ ಮಾತ್ರವೋ, ಅರೆಬರೆ ಹಾನಿಗೂ ಇದೆಯೋ? ಬರೀ ಪೂರ್ತಿ ನಷ್ಟದ ಪಾಲಿಸಿ ಅಗ್ಗ, ಆದರೆ ಹಲಗೆ ಸೀಳಿದರೆ ನಯಾ ಪೈಸೆ ಬರುವುದಿಲ್ಲ. ಮೌಲ್ಯ ಎಷ್ಟೆಂದು ಮೊದಲೇ ಒಪ್ಪಿ ಬರೆದಿದ್ದಾರೆಯೇ? ಪ್ರೀಮಿಯಂ ಉಳಿಸಲು ಸುಮ್ನೆ ಕಡಿಮೆ ಬೆಲೆ ತೋರಿಸಿದರೆ ಪರಿಹಾರವೂ ಕುಗ್ಗುತ್ತದೆ. ಬಲೆ ಸೇರಿದೆಯೋ ಇಲ್ಲವೋ ಕೇಳಿ. ಎಂಜಿನ್ ಕಳಚಿ ನೀರಿಗೆ ಬಿದ್ದರೆ ಹಣವಿಲ್ಲ ಎಂಬ ಷರತ್ತು ಸಣ್ಣ ದೋಣಿಗಳ ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ಇದ್ದರೂ ಇಲ್ಲದಿದ್ದರೂ ಎಂಜಿನ್‌ಗೆ ಒಂದು ಸರಪಳಿ ಕಟ್ಟಿ.

ಕೇಂದ್ರದ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಮೀನುಗಾರರಿಗೆ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆಗೆ 25,000 ರೂಪಾಯಿವರೆಗೆ. ಪ್ರೀಮಿಯಂ ಸರ್ಕಾರವೇ ಕಟ್ಟುತ್ತದೆ. ನಿಮ್ಮ ಜೊತೆ ಬರುವವರ ಹೆಸರೂ ಅದರಲ್ಲಿ ಇರಲಿ. ದೋಣಿಗೆ ಅದರಿಂದ ಏನೂ ಸಿಗುವುದಿಲ್ಲ.

ದೋಣಿ ಮಗುಚಿದರೆ ಜನ ಸುರಕ್ಷಿತವಾದ ಮೇಲೆ ಅದನ್ನು ದಡಕ್ಕೆ ಎಳೆಯಲು ಆಗುವಷ್ಟು ಪ್ರಯತ್ನ ಮಾಡಿ. ಹೇಗೂ ವಿಮೆ ಇದೆ ಅಂತ ಬಿಟ್ಟುಬಂದರೆ ಕ್ಲೇಮ್‌ಗೇ ಹೊಡೆತ. ಎಳೆದ ಖರ್ಚಿನ ರಸೀದಿ ಇಟ್ಟುಕೊಳ್ಳಿ. ಅದೇ ದಿನ ಕರಾವಳಿ ಕಾವಲು ಪೊಲೀಸ್ ಠಾಣೆಗೆ, ಇಲಾಖೆಗೆ, ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡಿ ಹೋದ ಮೇಲೆ ನನ್ನಂಥವರಿಗೆ ಫೋನ್ ಮಾಡಿದರೆ ಸಾಕು. ಅದಕ್ಕೂ ಮೊದಲು ಫೈಬರ್ ಉಜ್ಜುವ ಗ್ರೈಂಡರ್ ಮುಟ್ಟಿಸಬೇಡಿ.