ಅಲಗಿಗಿಂತ ಮೊದಲು ಕೀಲು ನೋಡಿ: ಕಿಸೆ ಚಾಕು ಕೊಳ್ಳುವ ಬಗೆ

ನನ್ನ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಬಿಳಿ ಗೆರೆ ಇದೆ. ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಚೀಲದ ಬಾಯಿ ಬಿಚ್ಚುವಾಗ ಆದ ಗಾಯ. ಜಾತ್ರೆಯಲ್ಲಿ ನೂರಿಪ್ಪತ್ತು ರೂಪಾಯಿಗೆ ತಂದ ಮಡಚುವ ಚಾಕು, ಕನ್ನಡಿಯಂತೆ ಹೊಳೆಯುತ್ತಿತ್ತು. ಸುತಳಿಯ ಗಂಟಿನೊಳಗೆ ಮೊನೆ ತೂರಿಸಿ ಒತ್ತಿದೆ. ತೆರೆದ ಅಲಗನ್ನು ಹಿಡಿದಿಡುವ ಲಾಕ್ ಜಾರಿತು, ಅಲಗು ಮಡಚಿ ಬೆರಳಿನ ಮೇಲೇ ಬಂತು. ನಾಲ್ಕು ಹೊಲಿಗೆ ಬಿದ್ದವು. ಮನೆಗೆ ಬಂದಾಗ ಕಾಕಾ ಆ ಚಾಕುವನ್ನು ಕೈಗೆ ತಗೊಂಡು ಎರಡು ಸಲ ತೆರೆದು ಮುಚ್ಚಿದರು. "ಅಲಗು ನೋಡಿ ತಂದೀದಿ ತಮ್ಮಾ. ಕೀಲು ನೋಡಬೇಕಿತ್ತು" ಅಂದರು.

ಆಮೇಲೆ ನಾನು ಕೊಂಡ ಚಾಕುಗಳನ್ನೆಲ್ಲ ಕೀಲಿನಿಂದಲೇ ನೋಡುತ್ತಾ ಬಂದಿದ್ದೇನೆ. ಸಾವಿರದಿಂದ ಮೂರು ಸಾವಿರ ರೂಪಾಯಿಯೊಳಗೆ ಹತ್ತಾರು ವರ್ಷ ಬಾಳುವ ಚಾಕು ಖಂಡಿತ ಸಿಗುತ್ತದೆ. ಹಣ ಯಾವುದಕ್ಕೆ ಹೋಗುತ್ತಿದೆ ಎಂಬುದು ಮಾತ್ರ ಗೊತ್ತಿರಬೇಕು.

ಮೊದಲು ಕೆಲಸ, ಆಮೇಲೆ ಅಂಗಡಿ

ಚಾಕು ಯಾತಕ್ಕೆ ಬೇಕು? ಬುತ್ತಿಯ ಜೊತೆ ಉಳ್ಳಾಗಡ್ಡಿ, ಸೌತೆಕಾಯಿ, ಬೇಸಿಗೆಯಲ್ಲಿ ಮಾವು ಹೆಚ್ಚುವುದಕ್ಕಾದರೆ ತೆಳು ಅಲಗು ಬೇಕು. ದಪ್ಪ ಅಲಗು ಮಾವನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಸುತಳಿ, ಹಗ್ಗ, ಹನಿ ನೀರಾವರಿಯ ಪೈಪು ಕೊಯ್ಯುವುದಿದ್ದರೆ ಅಲಗು ಸ್ವಲ್ಪ ದಪ್ಪವಿರಲಿ, ಲಾಕ್ ಇರಲೇಬೇಕು. ಎರಡೂ ಕೆಲಸ ಇರುವವರು, ಅಂದರೆ ನಮ್ಮ ಕಡೆಯ ಹೆಚ್ಚಿನವರು, ಅಲಗಿನ ಬೆನ್ನು ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪ ಇರುವಂಥದ್ದು ನೋಡಲಿ. ಉದ್ದ ಏಳರಿಂದ ಎಂಟೂವರೆ ಸೆಂಟಿಮೀಟರ್ ಸಾಕು.

ಕೀಲಿನ ಪರೀಕ್ಷೆ

ಇದಕ್ಕೆ ಐದು ನಿಮಿಷ ಕೊಡಿ. ಅಂಗಡಿಯವರು "ಧಾರ ನೋಡ್ರಿ, ಕೂದಲಾ ಕಡೀತದ" ಅಂತ ಅಲಗನ್ನೇ ಮುಂದೆ ಹಿಡಿಯುತ್ತಾರೆ. ಹೊಸ ಚಾಕು ಯಾವುದಾದರೂ ಹರಿತವಾಗಿಯೇ ಇರುತ್ತದೆ, ಅದನ್ನು ನಂಬಿ ಕೊಳ್ಳಬೇಡಿ.

ಚಾಕು ಪೂರ್ತಿ ತೆರೆಯಿರಿ. ಒಂದು ಕೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಅಲಗಿನ ಎರಡೂ ಮಗ್ಗುಲು ಚಿವುಟಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ಆಮೇಲೆ ಮೇಲಕ್ಕೂ ಕೆಳಕ್ಕೂ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ, ಕೀಲಿನಲ್ಲಿ ತಿರುಪು ಇದ್ದಾಗ ಬಿಗಿಸಿ ಸರಿಮಾಡಬಹುದು. ರಿವೆಟ್ ಹೊಡೆದದ್ದಾದರೆ ಆ ದಾರಿಯೂ ಇಲ್ಲ. ಲಾಕ್ ಕೂತ ಮೇಲೂ ಮೇಲೆ ಕೆಳಗೆ ಆಡಿದರೆ ಬೆಲೆ ಕೇಳದೆ ವಾಪಸ್ ಇಡಿ. ಆ ದೋಷ ದಿನ ಹೋದಂತೆ ಹೆಚ್ಚುತ್ತದೆ.

ಈಗ ಲಾಕ್. ಹೆಚ್ಚಿನ ಚಾಕುಗಳಲ್ಲಿ ಹಿಡಿಯ ಒಳಗಿನ ತೆಳು ತಗಡು ಸ್ಪ್ರಿಂಗಿನಂತೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಇದಕ್ಕೆ ಲೈನರ್ ಲಾಕ್ ಅನ್ನುತ್ತಾರೆ. ಬೆಳಕಿಗೆ ಹಿಡಿದು ನೋಡಿ. ಆ ತಗಡು ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಕೂತಿರಬೇಕು. ಬರೀ ಅಂಚಿಗೆ ತಾಗಿದ್ದರೆ ಒತ್ತಡ ಬಿದ್ದಾಗ ಜಾರುತ್ತದೆ. ನನ್ನ ಬೆರಳು ಕೊಯ್ದ ಚಾಕುವಿನಲ್ಲಿ ಅದು ಉಗುರಂಚಿನಷ್ಟು ಮಾತ್ರ ಕೂತಿತ್ತು. ಆಮೇಲೆ ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಪೂರ್ತಿ ಆಚೆ ಇಟ್ಟು, ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ಒತ್ತಿ. ಕುಟ್ಟುವುದು ಬೇಡ, ಒತ್ತಿದರೆ ಸಾಕು. ಲಾಕ್ ಸರಿದರೆ ಆ ಚಾಕು ನಿಮಗಲ್ಲ.

ಒಪಿನೆಲ್ ಚಾಕುಗಳದು ಬೇರೆಯೇ ಉಪಾಯ. 1890ರಿಂದ ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ತಯಾರಾಗುವ ಈ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗುವ ಉಕ್ಕಿನ ಬಳೆ ಸೇರಿತು. ತೆರೆದು ಬಳೆ ತಿರುಗಿಸಿದರೆ ಅಲಗು ಅಲ್ಲೇ ಕಟ್ಟು ಬೀಳುತ್ತದೆ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಲಾಕ್ ಈ ಬೆಲೆಯಲ್ಲಿ ನಾನು ಇನ್ನೊಂದು ನೋಡಿಲ್ಲ. ಆದರೆ ಬಳೆ ತಿರುಗಿಸಲು ಮರೆತರೆ ಲಾಕೇ ಇಲ್ಲ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಅಲಗು ಬಿಗಿಯಾಗುವುದೂ ಉಂಟು, ನೆರಳಲ್ಲಿ ಒಣಗಿದರೆ ಸಡಿಲವಾಗುತ್ತದೆ.

1884ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಶುರುವಾದ ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿಯ ಚಾಕುವಿನ ಸಣ್ಣ ಮಾದರಿಗಳಲ್ಲಿ ಲಾಕ್ ಇರುವುದಿಲ್ಲ, ಬೆನ್ನಿನ ಸ್ಪ್ರಿಂಗೊಂದೇ ಅಲಗನ್ನು ಹಿಡಿದಿಡುತ್ತದೆ. ಹಣ್ಣು, ದಾರ, ಪೊಟ್ಟಣ ಕೊಯ್ಯಲು ಅದು ಬಹಳ ಒಳ್ಳೆಯದು. ಅದರ ಮೊನೆಯಿಂದ ಚುಚ್ಚುವ, ತೂತು ಕೊರೆಯುವ ಕೆಲಸ ಮಾತ್ರ ಮಾಡಬಾರದು.

ಉಕ್ಕಿನ ಮಾತು

ಅಲಗಿನ ಮೇಲೆ ಬರೀ 'ಸ್ಟೇನ್‌ಲೆಸ್' ಎಂದೋ 'ಜಪಾನ್ ಸ್ಟೀಲ್' ಎಂದೋ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಉಕ್ಕು ಎಂದು ಹೆಸರು ಹಿಡಿದು ಹೇಳುವ ತಯಾರಕರ ಚಾಕು ತಗೊಳ್ಳಿ. ಮಧ್ಯಮ ಬೆಲೆಯಲ್ಲಿ ಹೆಚ್ಚಾಗಿ ಕಾಣುವುದು 8ಸಿಆರ್13ಎಂಒವಿ ಎಂಬ ಉಕ್ಕು. ಬೇಗ ಸಾಣೆ ಹಿಡಿಯುತ್ತದೆ, ಹರಿತ ಸಾಧಾರಣವಾಗಿ ನಿಲ್ಲುತ್ತದೆ. 14ಸಿ28ಎನ್ ಸಿಕ್ಕರೆ ಎರಡು ನೂರು ಹೆಚ್ಚಾದರೂ ಬಿಡಬೇಡಿ. ಜಂಗು ಹಿಡಿಯುವುದು ಕಡಿಮೆ, ತೆಳುವಾಗಿ ಮಸೆದರೂ ಅಂಚು ಚೂರು ಬಿಡುವುದಿಲ್ಲ. ಡಿ2 ಬಹಳ ದಿನ ಹರಿತ ಹಿಡಿಯುತ್ತದೆ, ಆದರೆ ಮನೆಯ ಕಲ್ಲಿನಲ್ಲಿ ಅದನ್ನು ಮಸೆಯಲು ತಾಳ್ಮೆ ಬೇಕು. ಅದು ಪೂರ್ತಿ ಸ್ಟೇನ್‌ಲೆಸ್ ಕೂಡ ಅಲ್ಲ, ಒದ್ದೆ ಬಿಟ್ಟರೆ ಕಲೆ ಬೀಳುತ್ತದೆ.

ಇನ್ನು ಒಪಿನೆಲ್‌ನಂಥ ಚಾಕುಗಳಲ್ಲಿ ಸಿಗುವ ಕಾರ್ಬನ್ ಉಕ್ಕು. ಇದರ ಹರಿತಕ್ಕೆ ನಾನು ಸೋತಿದ್ದೇನೆ. ನಮ್ಮ ಒಣ ಹವೆಗೆ ಇದು ಕರಾವಳಿಗಿಂತ ಚೆನ್ನಾಗಿ ಒಗ್ಗುತ್ತದೆ. ಆದರೆ ಮಾವು, ನಿಂಬೆಯ ಹುಳಿ ತಾಗಿದ ಕೂಡಲೇ ಅಲಗು ಕಪ್ಪಾಗುತ್ತದೆ, ಮೊದಮೊದಲು ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಒರೆಸಿಡುವ ರೂಢಿ ಇಲ್ಲದವರು ಸ್ಟೇನ್‌ಲೆಸ್ ತಗೊಳ್ಳುವುದೇ ವಾಸಿ.

ಹಿಡಿ, ಮತ್ತು ಕಾನೂನು

ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಷ್ಟಿಯಲ್ಲಿ ಹಿಡಿದಾಗ ನಾಲ್ಕೂ ಬೆರಳು ಕೂರಬೇಕು, ಬೆವತ ಕೈಗೆ ಜಾರಬಾರದು. ಎರೆ ಹೊಲಕ್ಕೆ ಹೋಗುವವರು ಹಿಡಿಯ ಬೆನ್ನು ತೆರೆದಿರುವ ಚಾಕು ನೋಡಲಿ. ಆ ಸಣ್ಣ ಮಣ್ಣು ಕೀಲಿನೊಳಗೆ ಸೇರಿದಾಗ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು.

ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕುವಿನ ತಂಟೆಗೆ ಹೋಗಬೇಡಿ. ಕೀಲು ಬೇಗ ಸಡಿಲಾಗುತ್ತದೆ, ಪೊಲೀಸರ ಕಣ್ಣಿಗೂ ಅದು ಆಯುಧವೇ. 2016ರ ಶಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ ಕೆಲಸದ ಚಾಕುಗಳನ್ನು ಅದರಿಂದ ಹೊರಗಿಟ್ಟಿವೆ. ಮೂರಿಂಚಿನ ಚಾಕು ಆ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗಂತ ನಿಷೇಧಾಜ್ಞೆ ಇದ್ದಾಗ, ಜಾತ್ರೆ, ಉರುಸು, ಮೆರವಣಿಗೆಯ ಗದ್ದಲದಲ್ಲಿ ಕಿಸೆಯಲ್ಲಿಟ್ಟುಕೊಂಡು ತಿರುಗಬೇಡಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ.

ತಂದ ಮೇಲೆ ಸಾಣೆ

ನಮ್ಮಲ್ಲಿ ಬಹಳ ಮನೆಗಳಲ್ಲಿ ಚಾಕುವನ್ನು ಶಹಾಬಾದ್ ಕಲ್ಲಿನ ಮೆಟ್ಟಿಲಿಗೆ ಉಜ್ಜುತ್ತಾರೆ. ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ಆದರೆ ಅದು ಸುಣ್ಣಕಲ್ಲು, ಉಕ್ಕಿಗಿಂತ ಮೆತ್ತಗಿನದು. ಮಡಚಿದ ಅಂಚು ಸ್ವಲ್ಪ ನೆಟ್ಟಗಾಗಬಹುದು, ಉಕ್ಕು ಮಾತ್ರ ಸವೆಯುವುದಿಲ್ಲ. ಸೈಕಲ್ ಮೇಲೆ ಬರುವ ಸಾಣೆಯವರ ಚಕ್ರಕ್ಕೂ ಒಳ್ಳೆಯ ಚಾಕು ಕೊಡಬೇಡಿ. ಕಿಡಿ ಹಾರಿ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ 400 (ಒರಟು), ಇನ್ನೊಂದು ಕಡೆ 1000 (ನಯ) ನಂಬರಿನ ಕಲ್ಲು ಕೇಳಿ.

ಕೋನ ಹಿಡಿಯುವುದೇ ಎಲ್ಲರಿಗೂ ಕಷ್ಟ. ಒಂದು ಕಾಗದದ ಮೂಲೆ ತಗೊಂಡು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ. 90 ಹೋಗಿ 45, ಆಮೇಲೆ ಇಪ್ಪತ್ತೆರಡೂವರೆ ಡಿಗ್ರಿ ಆಯಿತು. ಆ ಮಡಿಕೆಯನ್ನು ಕಲ್ಲಿನ ಮೇಲಿಟ್ಟು ಅದರ ಇಳಿಜಾರಿಗೆ ಅಲಗು ಆನಿಸಿ. ಕೈಗೆ ಆ ಎತ್ತರ ಗೊತ್ತಾದ ಮೇಲೆ ಕಾಗದ ತೆಗೆದು, ಕಲ್ಲಿಗೆ ನೀರು ಹಚ್ಚಿ, ಬುಡದಿಂದ ಮೊನೆಯವರೆಗೆ ಒಂದೇ ಹದದಲ್ಲಿ ಎಳೆಯಿರಿ. ಒಂದು ಮಗ್ಗುಲು ಮಸೆದಾಗ ಆಚೆ ಮಗ್ಗುಲಿನ ಅಂಚಿನಲ್ಲಿ ಬೆರಳಿಗೆ ಸಣ್ಣ ಗರಗರ ತಾಗಬೇಕು. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ ಬೆನ್ನಿನಿಂದ ಹೊರಗೆ ಸವರಿ ನೋಡಿ. ಅದು ತಾಗಿದ ಮೇಲೇ ತಿರುಗಿಸಿ ಇನ್ನೊಂದು ಮಗ್ಗುಲು ಮಸೆಯಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹತ್ತು ಸಲ, ಬೆನ್ನು ಮುಂದಾಗಿ ಅಂಚು ಹಿಂದಾಗಿ ಎಳೆಯಿರಿ.

ಮಾಗಿದ ಟೊಮೇಟೊ ಮೇಲೆ ಅಲಗನ್ನು ಒತ್ತದೆ, ಅದರದೇ ಭಾರಕ್ಕೆ ಬಿಟ್ಟು ಎಳೆಯಿರಿ. ಸಿಪ್ಪೆ ಸುಕ್ಕಾಗದೆ ಕೊಯ್ದರೆ ಸಾಣೆ ಮುಗಿಯಿತು. ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟು ಐದಾರು ಸಲ ತೆರೆದು ಮುಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ. ಅಡುಗೆ ಎಣ್ಣೆ ಬೇಡ, ಕೆಲವೇ ದಿನದಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ.