ಗರಡಿಮನೆಯ ಮಸಾಜ್ ಗನ್ ನಾನು ನೋಡಿಕೊಳ್ಳುವ ಬಗೆ

ಮೈಸೂರಿನ ನಮ್ಮ ಗರಡಿಯಲ್ಲಿ ಹುಡುಗರೆಲ್ಲ ಸೇರಿ ದುಡ್ಡು ಹಾಕಿ ಒಂದು ಮಸಾಜ್ ಗನ್ ತಂದರು, ಸ್ನಾಯುವನ್ನು ಬಡಿದು ಸಡಿಲಿಸುವ, ಬ್ಯಾಟರಿಯಲ್ಲಿ ಓಡುವ ಕೈಯಂತ್ರ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಒಬ್ಬರೇ ಬಳಸುವ ಗನ್‌ಗಿಂತ ಗರಡಿಯ ಗನ್‌ಗೆ ಕಷ್ಟ ಜಾಸ್ತಿ. ಸುತ್ತ ಕೆಂಪು ಮಣ್ಣು, ಎಲ್ಲರ ಮೈಮೇಲೆ ಎಣ್ಣೆ, ಬೆವರು. ಸಾಮು ಮುಗಿಯುತ್ತಿದ್ದ ಹಾಗೆ ಅದು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಆದರೂ ನಮ್ಮದು ವರ್ಷಗಳಿಂದ ಚೆನ್ನಾಗಿ ಓಡುತ್ತಿದೆ. ನಾನು ಕಾಯುವುದು ಮುಖ್ಯವಾಗಿ ಒಂದನ್ನೇ: ಅದು ಬಿಸಿಯಾಗಬಾರದು. ಉಳಿದ ಜೋಪಾನವೆಲ್ಲ ಹೆಚ್ಚುಕಡಿಮೆ ಅದಕ್ಕೇ ಸೇರುತ್ತದೆ.

ಗನ್ ಒಳಗೆ ಒಂದು ಮೋಟರ್ ಇದೆ. ಅದು ತಿರುಗುವುದನ್ನು ಒಂದು ಸಣ್ಣ ಕ್ರ್ಯಾಂಕ್ ಹಿಂದೆ ಮುಂದೆ ಹೋಗುವ ಬಡಿತವಾಗಿ ಬದಲಾಯಿಸುತ್ತದೆ, ಹೊಲಿಗೆ ಯಂತ್ರದ ಚಕ್ರ ತಿರುಗಿ ಸೂಜಿ ಮೇಲೆ ಕೆಳಗೆ ಆಡುವ ಹಾಗೆ. ಸಾಮಾನ್ಯವಾಗಿ ನಿಮಿಷಕ್ಕೆ 1,200ರಿಂದ 3,200 ಬಡಿತ ಇರುತ್ತದೆ. 2,400ರ ವೇಗದಲ್ಲಿ ಹತ್ತು ನಿಮಿಷ ಓಡಿಸಿದರೆ 24,000 ಬಡಿತ. ಅಷ್ಟೂ ಪೆಟ್ಟು ಬೇರಿಂಗ್ ಮೇಲೆ ಬೀಳುತ್ತದೆ.

ನಮ್ಮಲ್ಲಿ ಮಾಲೀಷು ಅಂದರೆ ಒತ್ತಿ ಉಜ್ಜುವುದು. ಉಸ್ತಾದರ ಹೆಬ್ಬೆರಳು ಬಿದ್ದರೆ ತೊಡೆಯ ಸ್ನಾಯು ಬಿಟ್ಟುಕೊಳ್ಳಲೇಬೇಕು. ಅದನ್ನು ನೋಡಿ ಬೆಳೆದ ಹುಡುಗರು ಗನ್ನನ್ನೂ ಹಾಗೇ ಒತ್ತುತ್ತಾರೆ. "ಅಣ್ಣಾ, ಒತ್ತಿ ಹಿಡಿದ್ರೆ ತಾನೇ ಒಳಗಿನ ನೋವು ಹೋಗೋದು?" ಅಂತ ಕೇಳುತ್ತಾರೆ. ಕೈಗೆ ಅದು ಸರಿ, ಗನ್‌ಗೆ ಸರಿಯಲ್ಲ. ಒತ್ತಿದಷ್ಟೂ ಮೋಟರ್ ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಮೋಟರ್, ಒಳಗಿನ ಸರ್ಕ್ಯೂಟ್, ಬ್ಯಾಟರಿ ಮೂರೂ ಬಿಸಿಯಾಗುತ್ತವೆ. ನಾನು ಹುಡುಗರಿಗೆ ಕಲಿಸಿದ್ದು ಕಿವಿಯಲ್ಲಿ ಕೇಳುವುದನ್ನು. ಸದ್ದು ಒಂದೇ ಸಮನಾಗಿದ್ದರೆ ಸರಿ. ಸದ್ದು ಕುಗ್ಗಿ, ಗನ್ ಏದುಸಿರು ಬಿಟ್ಟಂತೆ ಆದರೆ ಕೈ ಸಡಿಲಿಸಬೇಕು. ಗನ್ನಿನ ಸ್ವಂತ ಭಾರಕ್ಕೆ ಸ್ವಲ್ಪ ಕೈಯ ಆಸರೆ ಸಾಕು. ಬಡಿಯುವ ಕೆಲಸ ಅದೇ ಮಾಡುತ್ತದೆ. ಮೂಳೆಯ ಮೇಲೆ, ಕತ್ತಿನ ಮುಂಭಾಗದಲ್ಲಿ, ಹೊಸದಾಗಿ ಪೆಟ್ಟಾದ ಜಾಗದಲ್ಲಿ ಇಡಲೇಬಾರದು. ಇದು ಗನ್ನಿಗಾಗಿ ಅಲ್ಲ, ಮೈಗಾಗಿ.

ಹೆಚ್ಚಿನ ಗನ್‌ಗಳು ಹತ್ತು ಹದಿನೈದು ನಿಮಿಷಕ್ಕೆ ತಾವೇ ಆಫ್ ಆಗುತ್ತವೆ. ಕೆಟ್ಟುಹೋಗಿದೆ ಅಂದುಕೊಂಡು ತಕ್ಷಣ ಮತ್ತೆ ಆನ್ ಮಾಡುವವರೇ ಜಾಸ್ತಿ. ತಣ್ಣಗಾಗಲಿ ಅಂತಲೂ ಆ ವ್ಯವಸ್ಥೆ ಇರುವುದು. ನಮ್ಮಲ್ಲಿ ಒಮ್ಮೆ ಆಫ್ ಆದರೆ ಗನ್ನಿನ ಮೈ ಪೂರ್ತಿ ತಣ್ಣಗಾಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಸರದಿಯಲ್ಲಿ ಎಷ್ಟೇ ಜನ ಕಾಯುತ್ತಿರಲಿ.

ಇನ್ನು ಮಣ್ಣು ಮತ್ತು ಎಣ್ಣೆ. ಕುಸ್ತಿ ಆಡುವ ಮಟ್ಟಿಯ ಮಣ್ಣನ್ನು ಜರಡಿ ಹಿಡಿದು ಹದ ಮಾಡಿರುತ್ತೇವೆ, ಹಾಗಾಗಿ ಅದು ಬಹಳ ನಯ. ಗಾಳಿಯಾಡಲು ಬಿಟ್ಟ ಸಣ್ಣ ಸಣ್ಣ ಕಿಂಡಿಗಳಲ್ಲಿ ಸುಲಭವಾಗಿ ಕೂರುತ್ತದೆ. ಎಣ್ಣೆಯೂ ಸೇರಿದರೆ ಪೇಸ್ಟಿನ ಹಾಗೆ ಗಟ್ಟಿಯಾಗಿ ಕಿಂಡಿ ಮುಚ್ಚಿಹೋಗುತ್ತದೆ. ಒಳಗಿನ ಬಿಸಿ ಆಚೆ ಬರಲು ದಾರಿಯೇ ಇರುವುದಿಲ್ಲ. ಅದಕ್ಕೇ ಗನ್ ಮಟ್ಟಿಯ ಹತ್ತಿರ ಬರುವುದಿಲ್ಲ. ಮಣ್ಣು ತೊಳೆದು, ಮೈ ಒರೆಸಿಕೊಂಡು, ಹೊರಗಿನ ಜಗುಲಿಗೆ ಬಂದವರಿಗೆ ಮಾತ್ರ. ಎಣ್ಣೆ ಹಚ್ಚಿದ ಜಾಗಕ್ಕೆ ಬೇಕೇ ಬೇಕು ಅಂದರೆ ಮೇಲೊಂದು ತೆಳು ಟವೆಲ್ ಹಾಕಿಕೊಳ್ಳಬೇಕು. ಎಣ್ಣೆ ಕುಡಿದ ರಬ್ಬರ್ ಕ್ರಮೇಣ ಉಬ್ಬಿ ಅಂಟಂಟಾಗುತ್ತದೆ. ಗನ್ನಿನ ತುದಿಗೆ ಸಿಕ್ಕಿಸುವ ಸ್ಪಂಜಿನ ತಲೆ ಎಣ್ಣೆ ಹೀರಿ ವಾಸನೆ ಹಿಡಿಯುತ್ತದೆ.

ದಿನದ ಕೆಲಸ ಮುಗಿದ ಮೇಲೆ ಆಫ್ ಮಾಡಿ, ತಲೆ ಕಳಚಿ, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಕಿಂಡಿಗಳಿಗೆ ಹಳೆಯ ಮೆತ್ತನೆ ಪೇಂಟ್ ಬ್ರಷ್. ಬಾಯಿಂದ ಊದುವುದಿಲ್ಲ, ಧೂಳು ಇನ್ನಷ್ಟು ಒಳಗೆ ಹೋಗುತ್ತದೆ. ಪ್ಲಾಸ್ಟಿಕ್ ತಲೆಗಳನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ. ಗನ್ನಿನ ಮೈಗೆ ಮಾತ್ರ ನೀರು ತಾಗಿಸುವುದಿಲ್ಲ. ತಲೆಯ ಬುಡದಲ್ಲಿ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ, ಅದನ್ನೂ ನೋಡಿ. ಅದು ಸವೆದರೆ ತಲೆ ಲೊಡಲೊಡ ಅನ್ನುತ್ತದೆ. ಬೇರೆ ತಲೆ ಹಾಕಿದಾಗ ಸದ್ದು ನಿಂತರೆ ತೊಂದರೆ ಆ ರಿಂಗಿನದೇ, ಮೋಟರಿನದಲ್ಲ. ಯಾವ ತಲೆ ಹಾಕಿದರೂ ಕರಕರ ಸದ್ದು ಬಂದರೆ ಬೇರಿಂಗ್ ಸವೆದಿರಬಹುದು. ಆಗ ರಿಪೇರಿಯವರಿಗೆ ಕೊಡಬೇಕು.

ಚಾರ್ಜಿಂಗ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ದುಂಡು ಪಿನ್ನಿನ ಅಡಾಪ್ಟರ್‌ಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ರೌಟರಿನದು, ಸ್ಪೀಕರಿನದು ಸಹ ಕೆಲವೊಮ್ಮೆ ಗನ್ನಿಗೆ ಸರಿಯಾಗಿ ಕೂರುತ್ತದೆ. ಗನ್ನಿನ ಬ್ಯಾಟರಿಯೊಳಗೆ ಇರುವುದು ಲಿಥಿಯಂ ಅಯಾನ್ ಸೆಲ್‌ಗಳು, ಒಂದೊಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಸಾಲಾಗಿ ಮೂರು ಸೆಲ್ ಇದ್ದರೆ 12.6, ನಾಲ್ಕಿದ್ದರೆ 16.8, ಆರಿದ್ದರೆ 25.2 ವೋಲ್ಟಿನ ಚಾರ್ಜರ್ ಬೇಕು. ಹೆಚ್ಚು ವೋಲ್ಟಿನದು ಹಾಕಿದರೆ ಬ್ಯಾಟರಿ ಸುಟ್ಟುಹೋಗುವ ಅಪಾಯ ಇದೆ. ಅದಕ್ಕೇ ಗನ್ನಿಗೂ ಅದರ ಅಡಾಪ್ಟರಿಗೂ ಒಂದೇ ಹಳದಿ ಟೇಪ್ ಸುತ್ತಿದ್ದೇನೆ. ಯುಎಸ್‌ಬಿ ಕೇಬಲಿನಿಂದ ಚಾರ್ಜ್ ಆಗುವ ಗನ್ ಇರುವವರೂ ಅದರ ಮೇಲೆ ಬರೆದ ವೋಲ್ಟ್ ಓದಿಯೇ ಚಾರ್ಜರ್ ಆರಿಸಬೇಕು.

ಬಳಸಿದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ, ಮೊದಲು ತಣಿಯಬೇಕು. ಪೂರ್ತಿ ಖಾಲಿಯಾಗಿ ನಿಲ್ಲುವ ತನಕ ಓಡಿಸುವುದಿಲ್ಲ. ರಾತ್ರಿಯಿಡೀ ಚಾರ್ಜಿಗೆ ಬಿಡುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಇಟ್ಟು ಹೋಗುವುದಂತೂ ಬೇಡವೇ ಬೇಡ.

ದಸರಾ ಹತ್ತಿರ ಬಂದಾಗ ಗನ್ನಿಗೆ ಕೆಲಸ ಹೆಚ್ಚು. ದೊಡ್ಡಕೆರೆ ಮೈದಾನದ ಕುಸ್ತಿಗೆ ತಯಾರಿ ಜೋರಾಗಿರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ ಅಂತ ಮಾಡಿದ್ದೇವೆ. ಆಯುಧಪೂಜೆಯಲ್ಲಿ ಗದೆ, ಸಾಮಿಗೆ ತಿರುಗಿಸುವ ಮರದ ಲೋಡುಗಳ ಜೊತೆ ಗನ್ನನ್ನೂ ಇಡುತ್ತೇವೆ. ಅರಿಶಿನ, ಕುಂಕುಮ ಮಾತ್ರ ಅದರ ಪೆಟ್ಟಿಗೆಗೆ ಹಚ್ಚುತ್ತೇವೆ, ಕಿಂಡಿಗೆ ಪುಡಿ ಹೋಗದ ಹಾಗೆ. ಹಬ್ಬ ಮುಗಿದು ಬಳಕೆ ಕಡಿಮೆಯಾದಾಗ ಅರ್ಧ ಚಾರ್ಜ್ ಉಳಿಸಿ, ತಂಪಾದ ಒಣ ಕಪಾಟಿನಲ್ಲಿ ಇಡುತ್ತೇನೆ. ಆಗಾಗ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬುತ್ತೇನೆ.

ಬ್ಯಾಟರಿ ಇರುವ ಹಿಡಿಯ ಜೋಡಣೆ ಬಿಟ್ಟುಕೊಂಡು ಸಂದು ಕಾಣಿಸಿದರೆ, ಹಿಡಿ ಉಬ್ಬಿದಂತೆ ಅನ್ನಿಸಿದರೆ, ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿಬಿಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಮತ್ತೆ ಚಾರ್ಜಿಗೂ ಹಾಕಬಾರದು. ಮನೆಯ ಕಸದ ಗಾಡಿಗೂ ಹಾಕಬಾರದು, ಅಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೇ ಹಾಕಿವೆ. ಹಾಗಾಗಿ ಮೊದಲು ಕಂಪನಿಯ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.