ಆಂಪ್ ಮಾರಿದ ಮೇಲೆ ಬೇಸ್ ಕೇಳಿಸಿತು

ಹೋದ ಜನವರಿಯಲ್ಲಿ ಶಿರ್ವದ ಹತ್ತಿರ ಒಂದು ಮದುವೆ. ಬಯಲಲ್ಲಿ ಪೆಂಡಾಲ್. ನಾನು ಗಾಡಿಯಿಂದ ಇಳಿಸಿದ್ದು ಬೇಸ್ ಗಿಟಾರಿನ ಬ್ಯಾಗ್ ಮತ್ತು ಒಂದು ಸಣ್ಣ ಚೀಲ ಮಾತ್ರ. ಸೌಂಡಿನ ಹುಡುಗ ಡಿಕ್ಕಿಯೊಳಗೆ ಬಗ್ಗಿ ನೋಡಿ, "ಅಣ್ಣ, ಆಂಪ್ ಎಲ್ಲಿ?" ಅಂತ ಕೇಳಿದ. ಆಂಪ್, ಅಂದರೆ ಬೇಸ್‌ನ ಶಬ್ದ ಏರಿಸುವ ಆಂಪ್ಲಿಫೈಯರ್, ಇಲ್ಲ ಅಂದೆ. ನಮ್ಮ ಡ್ರಮ್ಮರ್ ಬದಿಯಿಂದ, "ಆಂಪ್ ಇಲ್ಲದೆ ಬೇಸಾ? ಕೇಳುದು ಹೇಗೆ ಮಾರಾಯ?" ಅಂದ. ಇದೇ ಪ್ರಶ್ನೆಯನ್ನು ಅವನು ಎರಡು ವರ್ಷದಿಂದ ಕೇಳುತ್ತಲೇ ಇದ್ದ.

ರಾತ್ರಿ ಹನ್ನೊಂದಕ್ಕೆ ವೈರ್ ಸುತ್ತುವಾಗ ಅದೇ ಹುಡುಗ ಬಂದು, ಚೀಲದಲ್ಲಿ ಏನೇನು ಉಂಟು ಒಮ್ಮೆ ತೋರಿಸಿ ಅಂದ. ಕೊನೆಯ ಸಾಲಿನ ಕುರ್ಚಿಯಲ್ಲೂ ಬೇಸ್‌ನ ಸ್ವರ ಬಿಡಿಬಿಡಿಯಾಗಿ ಕೇಳುತ್ತಿತ್ತಂತೆ. ಆ ಚೀಲ ತಯಾರಾಗಲು ನನಗೆ ಒಂಬತ್ತು ವರ್ಷ ಹೋಗಿದೆ. ಖರ್ಚು ಒಂದೂವರೆ ಲಕ್ಷದ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಸಾಮಾನಿಗೆ ಹೋದ ದುಡ್ಡು.

ನಾನು ಮಂಗಳೂರು, ಉಡುಪಿ ಕಡೆ ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮೊದಲಿನ ಶಾಸ್ತ್ರ), ಸಾಂತ್‌ಮಾರಿ (ಇಗರ್ಜಿಯ ವಾರ್ಷಿಕ ಹಬ್ಬ), ರಸಮಂಜರಿ ಎಲ್ಲದಕ್ಕೂ ನುಡಿಸುವವನು. ಸೀಸನ್‌ನಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಪ್ರೋಗ್ರಾಂ. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಮತ್ತು ಮಳೆಯ ಆಟಿ ತಿಂಗಳಲ್ಲಿ ಕೈ ಖಾಲಿ. ಪ್ರಯೋಗ ಎಲ್ಲ ಆಗಲೇ ನಡೆದದ್ದು.

ಮೊದಲು ಆಂಪ್ ಕಥೆ. 2015ರಲ್ಲಿ ಸೆಕೆಂಡ್‌ಹ್ಯಾಂಡ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ತೆಗೆದೆ. 15 ಇಂಚಿನ ಸ್ಪೀಕರ್, 150 ವಾಟ್, 24 ಸಾವಿರ ರೂಪಾಯಿ. ತೂಕ 33 ಕಿಲೋ ಇರಬೇಕು. ನಮ್ಮ ಕಡೆಯ ಹಳೆಯ ಹಾಲ್‌ಗಳು ಹೆಚ್ಚಿನವು ಮೊದಲ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಹೊತ್ತವರಿಗೆ ಪ್ರತಿ ಸಲ ಇನ್ನೂರು ಕೊಟ್ಟೆ, ಕೊಡದ ದಿನ ನಾನೇ ಹೊತ್ತೆ. ಎರಡು ಮಳೆಗಾಲದಲ್ಲಿ ತೇವ ಹಿಡಿದು ಸ್ಪೀಕರ್ ಕೋನ್ ಹೋಯಿತು. ರೀಕೋನ್ ಮಾಡಿಸಲು ಒಂದೊಂದು ಸಲಕ್ಕೆ ನಾಲ್ಕೂವರೆ ಸಾವಿರ.

ಇಷ್ಟು ಮಾಡಿದರೂ ಶಬ್ದ ಸರಿ ಬರಲಿಲ್ಲ. ನನ್ನ ಬೆನ್ನ ಹಿಂದೆ ಚೆನ್ನಾಗಿ ಕೇಳುತ್ತಿತ್ತು. ಹಾಲ್‌ನ ಆ ತುದಿಯಲ್ಲಿ ಬರೀ ಗುಡುಗು. ಸೌಂಡಿನವರು ಮಿಕ್ಸರ್‌ನಲ್ಲಿ ನನ್ನ ಶಬ್ದ ಇಳಿಸುತ್ತಿದ್ದರು, ನಾನು ಆಂಪ್ ಏರಿಸುತ್ತಿದ್ದೆ, ಗಾಯಕಿ ತಿರುಗಿ ನೋಡುತ್ತಿದ್ದಳು. ಆಂಪೆಗ್ ಎಸ್‌ವಿಟಿ ಅನ್ನುವ ದೊಡ್ಡ ಬೇಸ್ ಆಂಪ್ 1969ರಲ್ಲಿ ಬಂದದ್ದು, 300 ವಾಟ್. ಆ ಕಾಲದಲ್ಲಿ ಪಿಎ, ಅಂದರೆ ಜನರಿಗೆ ಕೇಳಿಸುವ ಸ್ಪೀಕರ್‌ಗಳು, ಹೆಚ್ಚಾಗಿ ಹಾಡುವವರಿಗೆ ಮಾತ್ರ, ಬೇಸ್ ಅನ್ನು ಜನರವರೆಗೆ ಮುಟ್ಟಿಸುವ ಕೆಲಸ ಆಂಪ್‌ನದ್ದೇ. ಈಗ ನಮ್ಮ ಕಿನ್ನಿಗೋಳಿಯ ಸಣ್ಣ ಸೌಂಡಿನವರ ಹತ್ತಿರವೂ 18 ಇಂಚಿನ ಎರಡು ಸಬ್ (ಕೆಳಗಿನ ಸ್ವರದ ಸ್ಪೀಕರ್) ಉಂಟು. ಹಾಗಿರುವಾಗ ಒಂದೇ ಕೆಲಸವನ್ನು ಇಬ್ಬರು ಮಾಡಿ ಹಾಳು ಮಾಡುವುದು ಯಾಕೆ? ಇದು ತಲೆಗೆ ಹೋಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಆಂಪ್ ಒಂಬತ್ತು ಸಾವಿರಕ್ಕೆ ಹೋಯಿತು.

ಆಂಪ್ ಇಲ್ಲದ ಮೊದಲ ಪ್ರೋಗ್ರಾಂ ಕೆಟ್ಟಿತು, ಅದನ್ನೂ ಹೇಳುತ್ತೇನೆ. ಮೂರು ಸಾವಿರದ ಪ್ರಿಆಂಪ್ ಡಿಐ ಪೆಡಲ್ (ಬೇಸ್‌ನ ಶಬ್ದವನ್ನು ಮಿಕ್ಸರ್‌ಗೆ ಸರಿಹೊಂದಿಸುವ ಸಣ್ಣ ಪೆಟ್ಟಿಗೆ) ಒಂದನ್ನು ತಂದು ನೇರ ಮಿಕ್ಸರ್‌ಗೆ ಕೊಟ್ಟೆ. ನನಗೆ ನಾನೇ ಕೇಳಿಸಲಿಲ್ಲ. ಮಾನಿಟರ್ ಗಾಯಕರ ಎದುರು ಮಾತ್ರ ಇತ್ತು. ಬೈಲಾ ಮೆಡ್ಲಿ ಇಡೀ ಅಂದಾಜಿನಲ್ಲಿ ನುಡಿಸಿದೆ. ಎರಡು ಕಡೆ ಸ್ವರ ತಪ್ಪಿತು. ಬ್ಯಾಂಡಿನವರಿಗೆ ಆವತ್ತು ಬಂದ ಸಂಶಯ ಬಹಳ ದಿನ ಹೋಗಲಿಲ್ಲ. ಆಮೇಲೆ ಎರಡೂವರೆ ಸಾವಿರದ ಸಣ್ಣ ಹೆಡ್‌ಫೋನ್ ಆಂಪ್ ತಂದು ಸೊಂಟಕ್ಕೆ ಸಿಕ್ಕಿಸಿದೆ, ಮಿಕ್ಸರ್‌ನ ಆಕ್ಸ್‌ ಅನ್ನುವ ಬೇರೆ ಔಟ್‌ಪುಟ್‌ನಿಂದ ವೈರ್ ಎಳೆದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಡ್ರಮ್ ಕಡೆಗೆ. ಈಗಲೂ ಹೀಗೆಯೇ. ವೈರ್‌ಲೆಸ್ ಬೇಕು ಅಂತ ಅನಿಸಿಲ್ಲ. ಮದುವೆಯಲ್ಲಿ ನಾನು ಓಡಾಡುವುದು ಎರಡು ಹೆಜ್ಜೆ.

ಎರಡನೆಯ ತೊಂದರೆ ಗುಂಯ್ ಶಬ್ದ. ಆಗ ನನ್ನ ಕೈಯಲ್ಲಿ ಇದ್ದದ್ದು ಫೆಂಡರ್ ಕಂಪೆನಿಯ ಜಾಝ್ ಬೇಸ್ ಮಾದರಿಯದ್ದು. ಅದರ ಎರಡೂ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್) ಸಮ ಇಟ್ಟರೆ ಹಮ್, ಅಂದರೆ ಆ ಗುಂಯ್, ಕಡಿಮೆ, ಒಂದನ್ನು ಸ್ವಲ್ಪ ಇಳಿಸಿದರೂ ಶುರು. ಪೆಂಡಾಲ್‌ನ ಸೀರಿಯಲ್ ಲೈಟ್, ಡಿಮ್ಮರ್, ಜನರೇಟರ್ ಎಲ್ಲ ಸೇರಿದರೆ ಕೇಳುವುದೇ ಬೇಡ. ಅದೇ ಫೆಂಡರ್‌ನ ಪ್ರಿಸಿಷನ್ ಬೇಸ್‌ಗೆ 1957ರಲ್ಲೇ ಎರಡು ತುಂಡಿನ ಪಿಕಪ್ ಬಂದಿದೆ, ಅದರಲ್ಲಿ ಒಂದು ತುಂಡಿನ ಹಮ್ ಅನ್ನು ಇನ್ನೊಂದು ಕಳೆಯುತ್ತದೆ. ಜಾಝ್ ಮಾರಿ ಆ ಮಾದರಿಯ ಹಳೆಯ ಬೇಸ್ ಒಂದನ್ನು ಬೆಂಗಳೂರಿನಿಂದ 19 ಸಾವಿರಕ್ಕೆ ತಂದೆ. ಪ್ಯಾಸಿವ್. ಬ್ಯಾಟರಿ ಇಲ್ಲ, ಜ್ಯಾಕ್ ತೆಗೆಯಲು ಮರೆತು ಬ್ಯಾಟರಿ ಸಾಯುವ ಭಯವೂ ಇಲ್ಲ.

ಊರಿನಲ್ಲೇ ಹಳೆಯ ಬೇಸ್ ಕೊಳ್ಳುವವರು ಮೊದಲು ಬ್ರಿಜ್‌ನ, ಅಂದರೆ ತಂತಿಯ ಬುಡ ಕೂರುವ ಲೋಹದ ತುಂಡಿನ, ಸ್ಯಾಡಲ್ ಸ್ಕ್ರೂ ನೋಡಿ. ನಮ್ಮ ಉಪ್ಪು ಗಾಳಿಗೆ ಆ ಸಣ್ಣ ಸ್ಕ್ರೂಗಳೇ ಮೊದಲು ತುಕ್ಕು ಹಿಡಿದು ಕೂರುವುದು. ಮಲ್ಪೆ ಕಡೆಯ ಒಂದು ಬೇಸ್ ಹೊಸದರ ಹಾಗೆ ಹೊಳೆಯುತ್ತಿತ್ತು. ಅಲೆನ್ ಕೀ ಹಾಕಿ ತಿರುಗಿಸಿದರೆ ಎಂಟರಲ್ಲಿ ಐದು ಸ್ಕ್ರೂ ಅಲುಗಲಿಲ್ಲ. ಬಿಟ್ಟು ಬಂದೆ. ಟ್ರಸ್ ರಾಡ್‌ನ (ಕತ್ತಿನೊಳಗೆ ಬಾಗು ಸರಿಮಾಡುವ ಕಬ್ಬಿಣದ ಸರಳು) ನಟ್ ಕೂಡ ಹಾಗೆಯೇ, ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.

ಟ್ರಸ್ ರಾಡ್ ಅಂದಾಗ ನನ್ನ ಒಂದು ದೊಡ್ಡ ನಷ್ಟ ನೆನಪಾಗುತ್ತದೆ. ಒಂದು ಜುಲೈಯಲ್ಲಿ, ಮರುದಿನ ಪ್ರೋಗ್ರಾಂ ಇರುವಾಗ, ರಾತ್ರಿ ಕುಳಿತು ಒಂದೇ ಏಟಿಗೆ ಮುಕ್ಕಾಲು ಸುತ್ತು ಬಿಗಿ ಮಾಡಿದೆ. ನಟ್‌ನ ಒಳಗಿನ ಮೂಲೆ ಸವೆದು ಕೀ ಜಾರಲು ಶುರುವಾಯಿತು. ರಿಪೇರಿಗೆ ಮೂರೂವರೆ ಸಾವಿರ, ಹದಿನೈದು ದಿನ ಕೈ ಖಾಲಿ, ಎರಡು ಪ್ರೋಗ್ರಾಂ ಬೇರೆಯವರಿಗೆ ಹೋಯಿತು. ಈಗ ಒಂದು ದಿನಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಇಲ್ಲ. ತಿರುಗಿಸಿ, ಶ್ರುತಿ ಮಾಡಿ, ಗೋಡೆಗೆ ಒರಗಿಸಿಟ್ಟು ಮರುದಿನ ನೋಡುವುದು. ನನ್ನ ಬೇಸ್‌ನ ಕತ್ತು ಮಳೆಗಾಲದಲ್ಲಿ ಮುಂದಕ್ಕೆ ಬಾಗುತ್ತದೆ. ಗೆಳೆಯನದ್ದು ಹಿಂದಕ್ಕೆ ಹೋಗುತ್ತದೆ. ಅದು ಆಯಾ ಮರದ ಗುಣದ ಮೇಲೆ ಹೋಗುತ್ತದೆ, ಆದ್ದರಿಂದ ಇನ್ನೊಬ್ಬರನ್ನು ಕೇಳಿ ತಿರುಗಿಸಬೇಡಿ. ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ತಂತಿ ಒತ್ತಿ ಹಿಡಿಯುವ ಕ್ಯಾಪೊ ಹಾಕಿ, ಕೊನೆಯದನ್ನು ಒತ್ತಿ, ನಡುವೆ 0.3 ಮಿಲಿಮೀಟರ್ ಸಂದು ಇಡುತ್ತೇನೆ. 12ನೇ ಫ್ರೆಟ್‌ನಲ್ಲಿ ಇ ತಂತಿಯ ಎತ್ತರ 2.3ರ ಹತ್ತಿರ, ಜಿ ತಂತಿ 1.9. ಜೂನ್ ಎರಡನೇ ವಾರ ಒಮ್ಮೆ, ದಸರಾ ಕಳೆದು ಒಮ್ಮೆ ನೋಡಿದರೆ ವರ್ಷ ಕಳೆಯುತ್ತದೆ.

ಮಳೆಗಾಲದಲ್ಲಿ ಬೇಸ್ ಇಡುವುದು ಕಪಾಟಿನಲ್ಲಿ, 15 ವಾಟ್‌ನ ಬಲ್ಬ್ ಉರಿಸಿ. ಅಮ್ಮ ರೇಷ್ಮೆ ಸೀರೆಗೆ ಬೂಷ್ಟು ಬಾರದ ಹಾಗೆ ಮಾಡುತ್ತಿದ್ದದ್ದೇ ಇದು. ಮೊದಲ ವರ್ಷ 60 ವಾಟ್ ಹಾಕಿ ಕೆಡಿಸಿಕೊಂಡೆ. ಮರ ಒಣಗಿ ಫ್ರೆಟ್‌ಗಳ ತುದಿ ಹೊರಗೆ ಬಂದು ಕೈ ಗೀರಿತು. ಈಗ ಆರುನೂರು ರೂಪಾಯಿಯ ತೇವ ಅಳೆಯುವ ಮೀಟರ್ ಒಳಗೆ ಇಟ್ಟಿದ್ದೇನೆ. ತೇವ ಶೇಕಡಾ 60ರಿಂದ 65ರ ನಡುವೆ ನಿಂತರೆ ಸಾಕು.

ಇನ್ನು ತಂತಿ. ಜನ ಜಾಸ್ತಿ ಸಂಶಯ ಪಟ್ಟದ್ದು ಇಲ್ಲೇ. ನಾನು ಫ್ಲಾಟ್‌ವೌಂಡ್ (ಮೇಲಿನ ಸುತ್ತು ಚಪ್ಪಟೆ, ನುಣುಪು ಇರುವ ತಂತಿ) ಹಾಕಿದಾಗ ನಮ್ಮ ಕೀಬೋರ್ಡಿನವನು, "ಇದು ಸತ್ತ ತಂತಿ ಅಲ್ವಾ?" ಅಂದ. ರೌಂಡ್‌ವೌಂಡ್ (ದುಂಡು ಸುತ್ತಿನ ಸಾಧಾರಣ ತಂತಿ) ನನಗೂ ಇಷ್ಟ, ಹೊಸತಿರುವಾಗ ಗಂಟೆ ಬಾರಿಸಿದ ಹಾಗೆ ಇರುತ್ತದೆ. ಆದರೆ ನಮ್ಮಲ್ಲಿ ಅದು ಐದಾರು ವಾರ. ಕೈಯ ಬೆವರು, ಕಡಲ ಗಾಳಿ ಎರಡೂ ಸುತ್ತಿನ ಸಂದಿಗೆ ಇಳಿಯುತ್ತವೆ. ಆಗ ಒಂದು ಸೆಟ್‌ಗೆ 1,800. ವರ್ಷಕ್ಕೆ ಆರು ಸೆಟ್ ಅಂದರೆ ಹತ್ತು ಸಾವಿರದ ಮೇಲೆ. ಹಳೆಯದನ್ನು ಕುದಿಸಿಯೂ ನೋಡಿದೆ, ಹತ್ತು ನಿಮಿಷ, ಅನ್ನದ ಪಾತ್ರೆಯಲ್ಲಿ. ಹೊಳಪು ಬಂತು, ಎರಡು ಪ್ರೋಗ್ರಾಂ ಬಾಳಿತು, ಮೂರನೆಯದಕ್ಕೆ ಮೊದಲಿಗಿಂತ ಕೆಟ್ಟಿತು. ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿದ್ದು ಇದಕ್ಕಿಂತ ವಾಸಿ, ಸುಮಾರು ಮೂರು ವಾರ. ಹೀಗೆ ಕುದಿಸಿ ನೆನೆಸಿ ಬೇಸತ್ತ ಮೇಲೆಯೇ ನಾಲ್ಕು ಸಾವಿರ ಕೊಟ್ಟು ಫ್ಲಾಟ್ ತಂದದ್ದು. ಎಳೆತ ಜಾಸ್ತಿ, ಹಾಕಿದ ವಾರದಲ್ಲಿ ಕತ್ತು ಮತ್ತೆ ನೋಡಬೇಕು. ಮೂರೂವರೆ ವರ್ಷ ಆಯಿತು, ಅದೇ ಸೆಟ್. ಮೋಟೌನ್‌ ಅನ್ನುವ ಅಮೆರಿಕದ ರೆಕಾರ್ಡ್ ಕಂಪೆನಿಯ ಬೇಸಿಸ್ಟ್ ಜೇಮ್ಸ್ ಜೇಮರ್ಸನ್ ಫ್ಲಾಟ್ ತಂತಿ ಬದಲಿಸುವುದೇ ಅಪರೂಪ ಅಂತ ಕೇಳಿದಾಗ ಮೊದಲು ನಂಬಿರಲಿಲ್ಲ. ಈಗ ನನ್ನ ಕೈಗೇ ಗೊತ್ತಾಗಿದೆ.

ನಿಜವಾದ ಬದಲಾವಣೆ ಬಂದದ್ದು ಹೈಪಾಸ್‌ನಿಂದ, ಅಂದರೆ ತೀರ ಕೆಳಗಿನ ಶಬ್ದವನ್ನು ಕಡಿಯುವ ಫಿಲ್ಟರ್‌ನಿಂದ. ಇದರ ದಾರಿ ಸಿಕ್ಕಿದ್ದು ಹುಲಿವೇಷದಿಂದ ಅಂದರೆ ನಂಬುವುದು ಕಷ್ಟ. ಒಂದು ದಸರಾ ಮೊದಲು ಹುಲಿಗಳಿಗೆ ತಾಸೆ (ಕೋಲಿನಿಂದ ಬಾರಿಸುವ ಚರ್ಮವಾದ್ಯ) ಬಾರಿಸುವವರ ಜೊತೆ ಬೇಸ್ ಸೇರಿಸಿ ನೋಡಿದೆವು. ಕೆಳಗಿನ ಸ್ವರ ಇನ್ನೂ ದಪ್ಪ ಆಗಲಿ ಅಂತ ಆಕ್ಟೇವ್ ಪೆಡಲ್ (ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನದನ್ನು ಸೇರಿಸುವುದು) ಬೇರೆ ತಂದಿದ್ದೆ, ಏಳು ಸಾವಿರ. ತಾಸೆಯ ಶಬ್ದ ಮೇಲೆ, ಅದಕ್ಕೆ ಬೇಸ್ ಅಡ್ಡ ಬರಲಿಲ್ಲ. ಡೋಲು ಮತ್ತು ಬೇಸ್ ಮಾತ್ರ ಒಂದನ್ನೊಂದು ತಿಂದುಹಾಕಿದವು. ಬೇಸತ್ತು ಆಕ್ಟೇವ್ ಬಂದ್ ಮಾಡಿ, ಬೇಸ್‌ನ ಕೆಳಭಾಗವನ್ನೂ ಮಿಕ್ಸರ್‌ನಲ್ಲಿ ಕಡಿದೆವು. ಕಡಿದ ಕೂಡಲೇ ನನ್ನ ಸ್ವರ ಕಿವಿಗೆ ಬಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ತೆರೆದ ಇ ತಂತಿ 41 ಹರ್ಟ್ಸ್. ಅದರ ಒಂದು ಅಲೆ ಎಂಟು ಮೀಟರ್‌ಗಿಂತ ಉದ್ದ. ನಮ್ಮ ತಗಡಿನ ಚಾವಣಿಯ ಹಾಲ್‌ನಲ್ಲಿ ಅದು ಗೋಡೆಯಿಂದ ಗೋಡೆಗೆ ಹೊಡೆದು ಗುಡುಗುತ್ತದೆ. ನಮ್ಮ ಕಿವಿ ಸ್ವರ ಹಿಡಿಯುವುದು ಹೆಚ್ಚಾಗಿ ಅದರ ಮೇಲಿನ 82, 123ರಿಂದ. ಹಾಗಾಗಿ ಕೆಳಗಿನದನ್ನು ತೆಳು ಮಾಡಿದರೆ ಸ್ವರ ಹೋಗುವುದಿಲ್ಲ. ಆದರೆ ಕೆಳಗಿನದನ್ನು ಕಡಿಯುವ ಮಿಕ್ಸರ್‌ನ ಲೋಕಟ್ ಬಟನ್ ಸಾಧಾರಣವಾಗಿ 75 ಅಥವಾ 100ಕ್ಕೆ ಇರುತ್ತದೆ. ಬೇಸ್‌ಗೆ ಅದು ಜಾಸ್ತಿ, ಹೊಟ್ಟೆಯೇ ಹೋಗುತ್ತದೆ. ನನಗೆ 45ರ ಹತ್ತಿರ ಬೇಕಿತ್ತು. ಟಿಎಲ್072 ಐಸಿ ಇಟ್ಟು ಜನರಲ್ ಬೋರ್ಡಿನಲ್ಲಿ ನಾನೇ ಕಟ್ಟಿದೆ. ಸಾಮಾನಿಗೆ ಮುನ್ನೂರೈವತ್ತು ರೂಪಾಯಿ. ಮೊದಲಿನ ಎರಡು ಬೋರ್ಡ್ ಹಾಳು. ಒಂದರಲ್ಲಿ 9 ವೋಲ್ಟ್ ಅನ್ನು ನಡುವೆ ಭಾಗ ಮಾಡಲು ಮರೆತಿದ್ದೆ, ಇನ್ನೊಂದು ಸೀಟಿ ಹೊಡೆಯಿತು. ಮೂರನೆಯದು ಇವತ್ತಿಗೂ ಚೀಲದಲ್ಲಿ ಉಂಟು.

ಈಗ ಸಾಲು ಹೀಗೆ: ಟ್ಯೂನರ್, ಕಂಪ್ರೆಸರ್, ನನ್ನ ಹೈಪಾಸ್, ಕೊನೆಗೆ ಪ್ರಿಆಂಪ್ ಡಿಐ. ಪ್ರಿಆಂಪ್ ಮಾತ್ರ ಆಮೇಲೆ ಬದಲಿಸಿದೆ, ಹಳೆಯ ಸ್ಯಾನ್ಸ್‌ಆಂಪ್ 14 ಸಾವಿರಕ್ಕೆ ಸಿಕ್ಕಿತು. ಜೋರು ಶಬ್ದವನ್ನು ತಗ್ಗಿಸುವ ಕಂಪ್ರೆಸರ್ ತುಂಬಾ ಮೆಲ್ಲಗೆ, ಜೋರಾಗಿ ಹೊಡೆದಾಗ ಮೂರು ನಾಲ್ಕು ಡೆಸಿಬಲ್ ಇಳಿದರೆ ಸಾಕು. ಬ್ರಿಜ್ ಹತ್ತಿರ ತಂತಿಯಡಿ ಸ್ಪಂಜ್ ತುಂಡು ಉಂಟು. ಅದು ಯಾವ ಸ್ಪಂಜ್, ಮತ್ತೆ ಮಿಡ್ (ನಡುವಿನ ಶಬ್ದ) ಎಲ್ಲಿ ಎತ್ತಿದ್ದೇನೆ, ಇವೆರಡನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಎರಡು ಸೀಸನ್ ಹೋಗಿದೆ.

ಇಷ್ಟಕ್ಕೂ ಕರೆಂಟ್ ಪವರ್‌ಬ್ಯಾಂಕ್‌ನಿಂದ. 5 ವೋಲ್ಟ್ ಅನ್ನು 9 ಮಾಡುವ ಕೇಬಲ್ ಸಿಗುತ್ತದೆ. ಇನ್ನೂರು ರೂಪಾಯಿಯದ್ದು ಕೀಚ್ ಅಂತ ಕೂಗಿತು, ಆರುನೂರರದ್ದು ಸುಮ್ನೆ ಇದೆ. ಹತ್ತು ಸಾವಿರ ಎಂಎಎಚ್‌ನ ಬ್ಯಾಂಕ್‌ಗೆ ಒಂದು ಮದುವೆ ಏನೂ ಅಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಪವರ್‌ಬ್ಯಾಂಕ್‌ನಲ್ಲಿ ಓಡುವಾಗ ಡಿಐಯ ಗ್ರೌಂಡ್ ಲಿಫ್ಟ್ (ಗ್ರೌಂಡ್ ಸಂಪರ್ಕ ಕಡಿಯುವ ಬಟನ್) ಒತ್ತಬೇಡಿ. ಬೇಸ್‌ಗೆ ಗ್ರೌಂಡ್ ಸಿಗುವುದೇ ಆ ಮಿಕ್ಸರ್ ಕೇಬಲ್‌ನಿಂದ, ಲಿಫ್ಟ್ ಒತ್ತಿದರೆ ಗುಂಯ್ ಇನ್ನೂ ಜಾಸ್ತಿ. ಇನ್ನೊಂದು ಲಾಭವೂ ಆಯಿತು. ಮೊದಲು ಕೋರಸ್ ಹಾಡುವಾಗ ಮೈಕ್ ತಾಗಿ ತುಟಿಗೆ ಕರೆಂಟ್ ಹೊಡೆಯುತ್ತಿತ್ತು, ಆಂಪ್ ಒಂದು ಲೈನಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದುದರಿಂದ. ಈಗ ತಂತಿಯೂ ಮೈಕೂ ಒಂದೇ ಮಿಕ್ಸರ್‌ನ ಗ್ರೌಂಡಿಗೆ ಸೇರಿವೆ, ಆ ಭಯ ಹೋಯಿತು. ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಪ್ರಾಣ ಹೋಗುತ್ತದೆ.

ಸಾಮಾನಿನಿಂದ ಸರಿಯಾಗದ್ದು ಒಂದಿತ್ತು, ಕೀಬೋರ್ಡಿನವನ ಎಡಗೈ. ಬೇಸ್ ಇಲ್ಲದ ಪ್ರೋಗ್ರಾಂಗಳಲ್ಲಿ ಕೆಳಗಿನ ಸ್ವರ ಅವನೇ ನುಡಿಸಿ ಅಭ್ಯಾಸ. ನಾನು ಇದ್ದಾಗಲೂ ಕೈ ಅಲ್ಲಿಗೇ ಹೋಗುತ್ತಿತ್ತು. ಇಬ್ಬರೂ ಒಂದೇ ಜಾಗದಲ್ಲಿ ಇದ್ದರೆ ಯಾವ ಪೆಡಲ್ ಇದ್ದರೂ ಕೆಸರೇ. ಅವನನ್ನು ಮನೆಗೆ ಕರೆದು, ಊಟ ಹಾಕಿ, ಎರಡು ಥರ ರೆಕಾರ್ಡ್ ಮಾಡಿ ಕೇಳಿಸಿದೆ. ಎರಡನೆಯದು ಮುಗಿಯುವ ಮೊದಲೇ, "ಸರಿ ಮಾರಾಯ, ನಾನು ಮೇಲೆ ಹೋಗ್ತೇನೆ" ಅಂದ. ಶಿರ್ವದ ಆ ರಾತ್ರಿ ಚೆನ್ನಾಗಿ ಕೇಳಿದ್ದರಲ್ಲಿ ಅವನ ಪಾಲೂ ಉಂಟು.

ಈಗ ಮನೆಗೆ ಐದು ತಂತಿಯ ಬೇಸ್ ಒಂದು ಬಂದಿದೆ, ಗೆಳೆಯ ಆಟಿಗೆ ಅಂತ ಕೊಟ್ಟದ್ದು. ಬಿ ತಂತಿ 31 ಹರ್ಟ್ಸ್, ನನ್ನ ಹೈಪಾಸ್ 45. ಬೋರ್ಡಿನಲ್ಲಿ ಎರಡು ರೆಸಿಸ್ಟರ್ ಬದಲಿಸಿ 35ಕ್ಕೆ ಇಳಿಸಿದ್ದೇನೆ. ಕಪಾಟಿನ ಬಲ್ಬ್ ಉರಿಯುತ್ತಿದೆ, ಹೊರಗೆ ಮಳೆ. ಮೊದಲ ಮದುವೆ ಆಗಸ್ಟ್ ಕೊನೆಗೆ, ಕುಲಶೇಖರದಲ್ಲಿ.